ತೀರ್ಥಹಳ್ಳಿಯಲ್ಲಿ ಕುಳಿತು ಓದಿದ ಆನ್‌ಲೈನ್ ಬಿ.ಎ.: ಕಟ್ಟಿದ ಶುಲ್ಕಕ್ಕೆ ಸಿಕ್ಕಿದ್ದೇನು?

ಸಮಾಜ ವಿಜ್ಞಾನದ ವಿಷಯಗಳನ್ನು ಆರಿಸಿಕೊಂಡು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಬಿ.ಎ. ಮುಗಿಸಬಹುದೇ ಎಂದು ನಮ್ಮ ಸಹಕಾರ ಸಂಘದ ಕೌಂಟರಿಗೆ ಬರುವ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರು, ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಈ ಸಂಘದಲ್ಲಿ ಗುಮಾಸ್ತನಾಗಿರುವ ನಾನು, ಪಿಯುಸಿಗೆ ನಿಂತುಹೋಗಿದ್ದ ಓದನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಂಡು, ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ವಿಭಾಗದಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರಗಳ ಮೂರು ವರ್ಷದ ಪದವಿಯನ್ನು ಪೂರೈಸಿದ್ದೇನೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಸಂಸ್ಥೆಯನ್ನು ಹೊಗಳುವುದೋ ತೆಗಳುವುದೋ ನನ್ನ ಉದ್ದೇಶವಲ್ಲ. ಇಂತಹ ಕೋರ್ಸಿನಲ್ಲಿ ಯಾವುದಕ್ಕೆ ಬೆಲೆಯಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ಸೇರಬೇಕೆಂದಿರುವವರಿಗೆ ತಿಳಿಸುವುದಷ್ಟೇ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ವಿಡಿಯೊಗಳ ಅಂದ ನೋಡಿ ಶುಲ್ಕ ಕಟ್ಟಬೇಡಿ, ನೀವು ಬರೆದದ್ದನ್ನು ಓದಿ, ತಿದ್ದಿ, ಹಿಂದಕ್ಕೆ ಕಳಿಸುವ ಮೇಷ್ಟರು ಅಲ್ಲಿದ್ದಾರೆಯೇ ಎಂದು ವಿಚಾರಿಸಿ ಕಟ್ಟಿ.

ದೂರಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಇರುವ ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ದೂರಶಿಕ್ಷಣದಲ್ಲಿ ಅಚ್ಚಾದ ಪಾಠಪುಸ್ತಕಗಳು ಬರುತ್ತವೆ, ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿಗಳು ನಡೆಯುತ್ತವೆ. ಆನ್‌ಲೈನ್ ಪದವಿಯಲ್ಲಿ ಪಾಠ, ಪಠ್ಯ, ಚರ್ಚೆ, ಸ್ವಯಂ ಪರೀಕ್ಷೆ ಈ ನಾಲ್ಕೂ ಒಂದೇ ಪೋರ್ಟಲ್ಲಿನ ಒಳಗಿರಬೇಕು. ಎರಡಕ್ಕೂ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯೇ ಆಧಾರ. ಅದರ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆ ಕೊಡುವ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಓದಿದ ಪದವಿಗೆ ಸಮಾನ. ರಾಜ್ಯ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ರಾಜ್ಯದ ಗಡಿಯ ಮಿತಿ ಇದೆ, ಆನ್‌ಲೈನ್‌ಗೆ ಇಲ್ಲ. ಆದ್ದರಿಂದಲೇ ಎಲ್ಲಿಯದೋ ವಿಶ್ವವಿದ್ಯಾಲಯವೊಂದು ಆಗುಂಬೆಯ ತಪ್ಪಲಿನಲ್ಲಿರುವವರಿಗೂ ಪ್ರವೇಶ ಕೊಡಬಲ್ಲದು. ಅದೇ ನಿಯಮಾವಳಿ ಫ್ರಾಂಚೈಸಿ ವ್ಯವಸ್ಥೆಯನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಕಲಿಕಾ ಆ್ಯಪ್ ಕಂಪನಿಗಳ ಜೊತೆ ಸೇರಿ ಪದವಿ ಕೊಡುವ ವ್ಯವಹಾರದ ವಿರುದ್ಧ ಯುಜಿಸಿ 2022ರಲ್ಲಿ ಎಚ್ಚರಿಕೆಯನ್ನೂ ಪ್ರಕಟಿಸಿತು.

ಹೀಗಿದ್ದರೂ, ಒಂದು ಜಾಲತಾಣದಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯನ್ನು ತುಂಬಿದ ಕ್ಷಣದಿಂದ ಕರೆಗಳು ಶುರುವಾಗುತ್ತವೆ. ಕರೆ ಮಾಡುವವರು ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಳ್ಳುತ್ತಾರೆ. ಶುಲ್ಕದ ಕಂತು, ರಿಯಾಯಿತಿಯ ಕೊನೆಯ ದಿನಾಂಕ, ಕೆಲಸ ಕೊಡಿಸುವ ಭರವಸೆ ಎಲ್ಲವನ್ನೂ ಅವರು ನಿರರ್ಗಳವಾಗಿ ಹೇಳುತ್ತಾರೆ. ರಾಜ್ಯಶಾಸ್ತ್ರದ ಎರಡನೇ ಸೆಮಿಸ್ಟರಿನಲ್ಲಿ ಯಾವ ಪತ್ರಿಕೆಗಳಿವೆ ಎಂದು ಕೇಳಿದರೆ ಮಾತು ತಡವರಿಸುತ್ತದೆ. ನನಗೆ ಬಿದ್ದ ಶುಲ್ಕ ಸೆಮಿಸ್ಟರಿಗೆ 15,000 ರೂಪಾಯಿಯ ಆಸುಪಾಸು, ಪರೀಕ್ಷಾ ಶುಲ್ಕ ಪ್ರತ್ಯೇಕ. ಪ್ರತ್ಯೇಕ ಎಂಬುದನ್ನು ಮಾತ್ರ ಆ ಕೌನ್ಸೆಲರ್ ಮಹಾಶಯರು ಪ್ರವೇಶ ಮುಗಿಯುವವರೆಗೂ ಬಾಯಿ ಬಿಟ್ಟು ಹೇಳಲಿಲ್ಲ.

ಈಗ ಪಠ್ಯದ ವಿಚಾರ. ಪೋರ್ಟಲ್ ನೋಡಲು ಚೆನ್ನಾಗಿದೆ. ಪ್ರತಿ ಪತ್ರಿಕೆಯೂ ಘಟಕಗಳಾಗಿ ಒಡೆದಿದೆ, ಪ್ರತಿ ಘಟಕಕ್ಕೂ ಒಂದು ಪಿಡಿಎಫ್, ಕೆಲವು ವಿಡಿಯೊ, ಕೊನೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳು. ಬಿಚ್ಚಿ ಓದತೊಡಗಿದಾಗ ಮಾತ್ರ ಬೇರೆಯ ಚಿತ್ರ ಕಾಣುತ್ತದೆ. ಭಾರತದ ಅರ್ಥವ್ಯವಸ್ಥೆಯ ಪತ್ರಿಕೆಯಲ್ಲಿ ಯೋಜನಾ ಆಯೋಗವು ಇನ್ನೂ ಕಾರ್ಯನಿರ್ವಹಿಸುತ್ತಿರುವ ಸಂಸ್ಥೆಯಾಗಿಯೇ ಇತ್ತು; ಅದರ ಜಾಗಕ್ಕೆ 2015ರ ಜನವರಿ 1ರಂದು ನೀತಿ ಆಯೋಗ ಬಂದದ್ದು ಪಠ್ಯ ಬರೆದವರಿಗೆ ತಲುಪಿರಲಿಲ್ಲ. ಪರೋಕ್ಷ ತೆರಿಗೆಯ ಘಟಕವು ಕೇಂದ್ರ ಅಬಕಾರಿ ಸುಂಕ ಮತ್ತು ವ್ಯಾಟ್‌ಗಳನ್ನು ವಿವರವಾಗಿ ಬಣ್ಣಿಸಿ, 2017ರ ಜುಲೈನಿಂದ ಜಾರಿಯಲ್ಲಿರುವ ಜಿಎಸ್‌ಟಿಗೆ ಕೊನೆಯಲ್ಲಿ ಒಂದು ಪ್ಯಾರಾ ಕೊಟ್ಟಿತ್ತು. ಸಂಘದ ಗೊಬ್ಬರದ ಬಿಲ್ಲಿನಲ್ಲಿ ದಿನಾ ಜಿಎಸ್‌ಟಿ ನಮೂದಿಸುವ ನನ್ನಂಥವನಿಗೆ ಇದು ನಗು ಬರಿಸುವ ವಿಷಯ. ಮೊದಲ ಬಾರಿಗೆ ಓದುವ ಹುಡುಗಿಯೊಬ್ಬಳಿಗೆ ಇದು ಅನ್ಯಾಯ. ಜನಸಂಖ್ಯೆಯ ಘಟಕದಲ್ಲಿದ್ದ ಕೋಷ್ಟಕಗಳು 2001ರ ಜನಗಣತಿಯವು. 2011ರ ನಂತರ ಆವರೆಗೆ ಜನಗಣತಿ ನಡೆದಿರಲಿಲ್ಲ ಎಂಬುದು ನಿಜ, ಆದರೆ 2011ರ ಅಂಕಿಗಳನ್ನಾದರೂ ಹಾಕಲು ಅಡ್ಡಿಯೇನಿತ್ತು?

ಇವು ಹಳೆಯದಾದದ್ದರ ದೋಷಗಳು. ಯಾರಾದರೂ ಕುಳಿತು ಪರಿಷ್ಕರಿಸಿದರೆ ಹೋಗುವಂಥವು. ಅದಕ್ಕಿಂತ ಆಳದ ಕೊರತೆ ಎಂದರೆ, ಇಡೀ ದೇಶಕ್ಕೆ ಒಂದೇ ಪಠ್ಯ ಮಾರುವ ಕೋರ್ಸಿನಲ್ಲಿ ಯಾವ ಊರೂ ಇರುವುದಿಲ್ಲ. ಪಂಚಾಯತ್ ರಾಜ್ ಘಟಕವು ಬಲವಂತರಾಯ್ ಮೆಹ್ತಾ ಸಮಿತಿಯಿಂದ ಹೊರಟು ಅಶೋಕ್ ಮೆಹ್ತಾ ಸಮಿತಿಯನ್ನು ಮುಟ್ಟಿ ನೇರವಾಗಿ ಸಂವಿಧಾನದ 73ನೇ ತಿದ್ದುಪಡಿಗೆ ಹಾರುತ್ತದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ 1983ರ ಕಾಯ್ದೆ ಬಂದು, ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿಯೊಂದಿಗೆ 1987ರಲ್ಲಿ ಚುನಾವಣೆ ನಡೆದದ್ದು, ಆ ಕಾಯ್ದೆಯ ಹಿಂದೆ ಅಬ್ದುಲ್ ನಜೀರ್ ಸಾಬರಂಥ ಸಚಿವರಿದ್ದದ್ದು ಅಲ್ಲಿ ಒಂದು ಸಾಲಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯ ಸಭೆಗಳಿಗೆ ಹೋಗಿ ಬರುವ ಮಲೆನಾಡಿನ ವಿದ್ಯಾರ್ಥಿಗೆ ಆ ಘಟಕ ಓದಿದ ಮೇಲೆ ತನ್ನ ಪಂಚಾಯಿತಿಯ ಬಗ್ಗೆ ಹೊಸದಾಗಿ ಏನೂ ತಿಳಿಯುವುದಿಲ್ಲ.

ಬಹು ಆಯ್ಕೆಯ ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಸ್ಕೃತೀಕರಣದ (ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದರ) ಪರಿಕಲ್ಪನೆಯನ್ನು ಮಂಡಿಸಿದವರು ಯಾರು ಎಂದು ಕೇಳಿ ನಾಲ್ಕು ಹೆಸರು ಕೊಡುತ್ತಾರೆ, ಎಂ.ಎನ್. ಶ್ರೀನಿವಾಸ್ ಎಂದು ಒತ್ತಿದರೆ ಹಸಿರು ಗುರುತು ಬರುತ್ತದೆ. ಆ ಪರಿಕಲ್ಪನೆ ಏನನ್ನು ವಿವರಿಸುತ್ತದೆ, ಏನನ್ನು ವಿವರಿಸಲಾರದು, ನಮ್ಮ ಊರಿನ ಜಾತಿಗಳ ನಡುವಣ ಬದಲಾವಣೆಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಹಸಿರು ಗುರುತಿಗೆ ಬೇಕಾಗಿಲ್ಲ.

ಲೈವ್ ತರಗತಿಗಳು ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದವು. ಕೆಲಸದಲ್ಲಿರುವವರಿಗೆ ಸಮಯ ಅನುಕೂಲಕರ, ಹವಾಮಾನ ಮಾತ್ರ ಅನುಕೂಲಕರವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗುವುದು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುವುದು ನಮ್ಮಲ್ಲಿ ಯಾರಿಗೂ ಸುದ್ದಿಯೇ ಅಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಮಳೆಗೆ ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದ್ದನ್ನೂ, ಶರಾವತಿ ಹಿನ್ನೀರಿನ ಹಳ್ಳಿಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ ಎಂದು ಅಭಿಯಾನ ಮಾಡಿದ್ದನ್ನೂ ಈ ಜಿಲ್ಲೆ ಕಂಡಿದೆ. ಇಂತಹ ಕಡೆಯ ವಿದ್ಯಾರ್ಥಿಗೆ ಬೇಕಾದದ್ದು ನೇರ ಪ್ರಸಾರಕ್ಕಿಂತ, ಸಿಗ್ನಲ್ ಇದ್ದಾಗ ಇಳಿಸಿಕೊಂಡು ಇಲ್ಲದಾಗ ಕೇಳಬಹುದಾದ ಧ್ವನಿಮುದ್ರಣ. ನಮ್ಮ ಪೋರ್ಟಲ್ಲು ತರಗತಿಯ ರೆಕಾರ್ಡಿಂಗ್ ಅನ್ನು ಇಡುತ್ತಿತ್ತು, ಇಳಿಸಿಕೊಳ್ಳಲು ಬಿಡುತ್ತಿರಲಿಲ್ಲ. ಕಾರಣ ಕೇಳಿ ಬರೆದರೆ ಹಕ್ಕುಸ್ವಾಮ್ಯ ಎಂಬ ಒಂದು ಪದದ ಉತ್ತರ ಬಂತು. ಅಷ್ಟು ಕಾಪಾಡಿಕೊಳ್ಳಬೇಕಾದ ರತ್ನಗಳೇನೂ ಆ ರೆಕಾರ್ಡಿಂಗುಗಳಲ್ಲಿ ಇರಲಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ.

ಆದರೂ ಲೈವ್ ತರಗತಿಯನ್ನು ಪೂರ್ತಿ ತಳ್ಳಿಹಾಕಲಾರೆ. ಬಂಧುತ್ವ ವ್ಯವಸ್ಥೆಯ ಪಾಠ ನಡೆದ ದಿನ ಅದರ ಶಕ್ತಿ ತಿಳಿಯಿತು. ದಕ್ಷಿಣದಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿದೆ ಎಂದು ಉಪನ್ಯಾಸಕರು ಹೇಳುತ್ತಿದ್ದಂತೆ ಉತ್ತರದ ರಾಜ್ಯಗಳ ಸಹಪಾಠಿಗಳು ಹೌಹಾರಿದರು. ಅವರಲ್ಲಿ ಆ ಮಾವನ ಮಗಳು ತಂಗಿಯೇ. ಅವರ ಕಡೆ ಮದುವೆಯಾದ ಮಗಳ ಊರಿನಲ್ಲಿ ತಂದೆ ನೀರು ಕುಡಿಯಲೂ ಹಿಂಜರಿಯುವುದುಂಟು ಎಂದು ಒಬ್ಬ ಸಹಪಾಠಿ ಹೇಳಿದಾಗ ಹೌಹಾರುವ ಸರದಿ ನಮ್ಮದಾಯಿತು. ಇರಾವತಿ ಕರ್ವೆಯವರು ಭಾರತದ ಬಂಧುತ್ವವನ್ನು ಪ್ರದೇಶವಾರು ವಿಂಗಡಿಸಿ ನೋಡಿದ್ದರ ಅಗತ್ಯವೇನಿತ್ತು ಎಂಬುದು ಪಿಡಿಎಫ್ ಓದಿ ತಿಳಿಯದಿದ್ದದ್ದು ಆ ಒಂದು ಗಂಟೆಯಲ್ಲಿ ತಿಳಿಯಿತು. ಶಿವಮೊಗ್ಗದ ಯಾವ ಕಾಲೇಜಿನ ತರಗತಿಯಲ್ಲೂ ಈ ಮುಖಾಮುಖಿ ಇಷ್ಟು ಸಹಜವಾಗಿ ಆಗಲು ಸಾಧ್ಯವಿರಲಿಲ್ಲ, ಏಕೆಂದರೆ ಅಲ್ಲಿ ಕುಳಿತವರೆಲ್ಲ ಮಾವನ ಮಗಳನ್ನು ಮಾವನ ಮಗಳೆಂದೇ ತಿಳಿದವರು. ಬೇರೆ ಬೇರೆ ಸೀಮೆಯವರು ಒಂದೇ ತರಗತಿಯಲ್ಲಿರುವುದು ಆನ್‌ಲೈನ್ ಸಮಾಜಶಾಸ್ತ್ರಕ್ಕೆ ಸಿಕ್ಕ ಅಪರೂಪದ ಅನುಕೂಲ. ಹೆಚ್ಚಿನ ಉಪನ್ಯಾಸಕರು ಎಲ್ಲರ ಮೈಕನ್ನೂ ಬಂದ್ ಮಾಡಿಸಿ ಸ್ಲೈಡುಗಳನ್ನು ಓದಿಯೇ ಗಂಟೆ ಮುಗಿಸುತ್ತಿದ್ದರು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಪೋರ್ಟಲ್ಲಿನ ಚರ್ಚಾ ವೇದಿಕೆಯಲ್ಲಿ ಶುಲ್ಕದ ರಸೀದಿ ಬಂದಿಲ್ಲವೆಂಬ ದೂರುಗಳ ಹೊರತು ಬೇರೆ ಚರ್ಚೆ ನಡೆದದ್ದು ಕಡಿಮೆ.

ಇನ್ನು ಅಸೈನ್‌ಮೆಂಟುಗಳು. ಈ ಕೋರ್ಸಿನಿಂದ ನನಗೆ ಉಳಿದ ಲಾಭವೆಲ್ಲ ಇಲ್ಲಿಂದ ಬಂದದ್ದು, ಅದೂ ಮುಖ್ಯವಾಗಿ ಒಬ್ಬ ಅಧ್ಯಾಪಕಿಯಿಂದ. ನಿಯಮದಂತೆ ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ ಶೇ 30, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ ಕನಿಷ್ಠ ಶೇ 70 ಅಂಕಗಳು. ಮೊದಲಿನ ಸೆಮಿಸ್ಟರುಗಳಲ್ಲಿ ನಾನು ಕಳಿಸಿದ ಉತ್ತರಗಳಿಗೆ ಅಂಕ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕೆಲವಕ್ಕೆ ಗುಡ್ ಎಂಬ ಒಂದು ಪದ. ಒಂದು ಬಾರಿಯಂತೂ ಹತ್ತಾರು ಪುಟದ ಉತ್ತರವನ್ನು ಅಪ್‌ಲೋಡ್ ಮಾಡಿ, ಚಹಾ ಕುಡಿದು ಬರುವಷ್ಟರಲ್ಲಿ ಅಂಕ ಬಿದ್ದಿತ್ತು. ಅದನ್ನು ಯಾರೂ ತೆರೆದು ನೋಡಿಲ್ಲವೆಂದು ತಿಳಿಯಲು ಸಮಾಜಶಾಸ್ತ್ರ ಓದಿರಬೇಕಾಗಿಲ್ಲ.

ಆಮೇಲೆ ಗ್ರಾಮೀಣ ಸಮಾಜದ ಪತ್ರಿಕೆಯಲ್ಲಿ, ಭೂ ಸುಧಾರಣೆಯ ಸಾಮಾಜಿಕ ಪರಿಣಾಮಗಳನ್ನು ನಿಮಗೆ ತಿಳಿದಿರುವ ಪ್ರದೇಶವೊಂದರ ಆಧಾರದಿಂದ ಚರ್ಚಿಸಿ ಎಂಬ ಪ್ರಶ್ನೆ ಬಂತು. ನಾನು ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ವಿಚಾರವಾಗಿ ಧಣಿಗಳಿಗೂ ಗೇಣಿದಾರರಿಗೂ ಎದ್ದ ಜಗಳ, ಎಚ್. ಗಣಪತಿಯಪ್ಪನವರ ಸಂಘಟನೆ, ಸಮಾಜವಾದಿಗಳು ಬಂದು ಸೇರಿದ್ದು, ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದದ್ದು, ಶಾಂತವೇರಿ ಗೋಪಾಲಗೌಡರು ಆ ಹೋರಾಟವನ್ನು ವಿಧಾನಸಭೆಯವರೆಗೆ ಒಯ್ದದ್ದು, ಕೊನೆಗೆ ದೇವರಾಜ ಅರಸರ ಕಾಲದ 1974ರ ಭೂ ಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆತನ ಕೋರುವ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತದ್ದು, ಇಷ್ಟನ್ನೂ ಒಂದು ಗೆಲುವಿನ ಕಥೆಯಂತೆ ಸಾಲಾಗಿ ಜೋಡಿಸಿದ್ದೆ. ನಮ್ಮ ಸಂಘದ ಸದಸ್ಯರ ಪಹಣಿಗಳಲ್ಲಿ ಆ ಕಾಯ್ದೆಯ ಗುರುತು ಈಗಲೂ ಇದೆಯಾದ್ದರಿಂದ ಉದಾಹರಣೆಗಳಿಗೆ ಬರವಿರಲಿಲ್ಲ.

ಉತ್ತರ ಹಿಂದಕ್ಕೆ ಬಂದಾಗ ಪುಟದ ಅಂಚುಗಳಲ್ಲಿ ಟಿಪ್ಪಣಿಗಳಿದ್ದವು. ಘಟನೆಗಳ ವಿವರಣೆ ಚೆನ್ನಾಗಿದೆ ಎಂದು ಆರಂಭಿಸಿ, ಕೊನೆಯ ಪುಟದಲ್ಲಿ ಆ ಅಧ್ಯಾಪಕಿ ಹೀಗೆ ಕೇಳಿದ್ದರು: ಗೇಣಿದಾರ ಭೂಮಿಯ ಒಡೆಯನಾದ, ಒಪ್ಪಿದೆ, ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನು ಏನಾದ? ಅವನು ಯಾವ ಫಾರಂ ತುಂಬಿದ? ಜೊತೆಗೆ, ಈ ಕಥೆಯಲ್ಲಿ ಹೆಂಗಸರು ಎಲ್ಲಿದ್ದಾರೆ ಎಂದು ಇನ್ನೊಂದು ಪ್ರಶ್ನೆ. ಉತ್ತರವನ್ನು ಮತ್ತೆ ಬರೆದು ಕಳಿಸಿದರೆ ಓದುತ್ತೇನೆ, ಅಂಕ ಮಾತ್ರ ಬದಲಾಗದು ಎಂದೂ ಬರೆದಿದ್ದರು. ನಾನು ಮತ್ತೆ ಬರೆದೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಬಾಲ್ಯದಿಂದ ಕೇಳಿಕೊಂಡು ಬೆಳೆದವನಿಗೆ, ಉಳುವವರಲ್ಲೂ ಗೇಣಿಯ ಹಕ್ಕು ಇದ್ದವರು ಇಲ್ಲದವರು ಎಂಬ ಭೇದವಿತ್ತು, ಕಾಯ್ದೆ ಮೊದಲಿನವರನ್ನು ಮಾತ್ರ ಕಂಡಿತು ಎಂಬುದು ಆ ಎರಡು ಪ್ರಶ್ನೆಗಳಿಂದ ಹೊಳೆಯಿತು. ಮೂರು ವರ್ಷದ ಶುಲ್ಕದಲ್ಲಿ ದೊಡ್ಡ ಪಾಲು ಈ ಒಂದು ಅಂಚಿನ ಟಿಪ್ಪಣಿಗೆ ಸಂದಿತೆಂದು ಲೆಕ್ಕ ಹಾಕಿದರೂ ನನಗೆ ಬೇಸರವಿಲ್ಲ.

ಬ್ರಿಟನ್ನಿನಲ್ಲಿ 1969ರಲ್ಲಿ ಸ್ಥಾಪನೆಯಾದ ಓಪನ್ ಯೂನಿವರ್ಸಿಟಿ ಬಿಬಿಸಿಯ ಪ್ರಸಾರಗಳಿಂದ ಹೆಸರಾಯಿತು. ಹೊರಗಿನವರಿಗೆ ಕಂಡದ್ದು ಟಿವಿ. ಅದರ ಬೋಧನೆಯ ತಿರುಳು ಇದ್ದದ್ದು ಟ್ಯೂಟರುಗಳು ಓದಿ ವಿವರವಾದ ಅಭಿಪ್ರಾಯ ಬರೆದು ಹಿಂದಿರುಗಿಸುವ ಅಸೈನ್‌ಮೆಂಟುಗಳಲ್ಲಿ. ನಮ್ಮಲ್ಲಿ ಆ ಮಾದರಿಯ ಪರದೆಯ ಭಾಗವನ್ನು ಎಲ್ಲರೂ ತಂದರು. ಓದಿ ಹಿಂದಿರುಗಿಸುವುದಕ್ಕೆ ಸಂಬಳ ಕೊಟ್ಟು ಜನರನ್ನು ಇಡಬೇಕಾಗುತ್ತದೆ, ವಿಡಿಯೊವನ್ನಾದರೆ ಒಮ್ಮೆ ಚಿತ್ರೀಕರಿಸಿ ವರ್ಷಗಟ್ಟಲೆ ಮಾರಬಹುದು.

ಸಂಶೋಧನಾ ವಿಧಾನಗಳ ಪತ್ರಿಕೆಗೂ ಅದೃಷ್ಟಕ್ಕೆ ಅದೇ ಅಧ್ಯಾಪಕಿಯೇ ಬಂದರು. ಆ ಪತ್ರಿಕೆಯಲ್ಲಿ ಒಂದು ಚಿಕ್ಕ ಕ್ಷೇತ್ರಕಾರ್ಯ ಮಾಡಬೇಕಿತ್ತು. ಹಿಂದಿನ ಪ್ರಶ್ನೆಯ ಮುಂದುವರಿಕೆಯಾಗಿ ಅಡಿಕೆ ಸುಲಿಯುವ ಹೆಂಗಸರ ಕೂಲಿಯನ್ನು ವಿಷಯವಾಗಿ ತೆಗೆದುಕೊಂಡೆ. ಕೊಯ್ಲಿನ ಕಾಲದಲ್ಲಿ ಸಂಜೆಯ ಮೇಲೆ ಅಂಗಳದಲ್ಲೋ ಜಗಲಿಯಲ್ಲೋ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಸುಲಿಯುವ ಇವರನ್ನು ನಾವೆಲ್ಲ ನೋಡಿಯೇ ಇರುತ್ತೇವೆ. ನಾನು ಸಿದ್ಧಪಡಿಸಿದ ಪ್ರಶ್ನಾವಳಿಯ ಮೊದಲ ಪ್ರಶ್ನೆ ನಿಮ್ಮ ತಿಂಗಳ ಆದಾಯ ಎಷ್ಟು ಎಂದಿತ್ತು. ವಿಡಿಯೊ ಕರೆಯಲ್ಲಿ ಅದನ್ನು ನೋಡಿದ ಅಧ್ಯಾಪಕಿ, ಮೊದಲು ಒಬ್ಬರನ್ನಾದರೂ ಕೇಳಿ ನೋಡಿ, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿದರು. ನಮ್ಮ ಕೇರಿಯ ಹಿರಿಯ ಹೆಂಗಸೊಬ್ಬರನ್ನು ಕೇಳಿದಾಗ ಅವರು ಕೈಯ ಕೆಲಸ ನಿಲ್ಲಿಸದೆಯೇ, "ತಿಂಗಳ ಲೆಕ್ಕ ಕೇಳ್ತೀರಲ್ಲ ಮಾರಾಯ್ರೇ, ಮಳೆಗಾಲದಾಗೆ ಏನನ್ನ ಸುಲೀಲಿ?" ಎಂದು ನಕ್ಕರು. ಪ್ರಶ್ನಾವಳಿಯನ್ನು ಋತುವಾರು ಒಡೆದು, ಕೂಲಿಯನ್ನು ಅಳತೆಯ ಲೆಕ್ಕದಲ್ಲಿ ಕೇಳುವಂತೆ ಬದಲಿಸಬೇಕಾಯಿತು. ಸುಲಿದ ಕೂಲಿಯ ದುಡ್ಡನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಗಂಡ ಪಕ್ಕದಲ್ಲಿ ಕುಳಿತಿದ್ದಾಗ ಬಂದ ಉತ್ತರವೂ ಇಲ್ಲದಿದ್ದಾಗ ಬಂದ ಉತ್ತರವೂ ಬೇರೆಯಾಗಿದ್ದವು. ಉತ್ತರ ಪಡೆದಾಗ ಅಲ್ಲಿ ಯಾರು ಯಾರು ಇದ್ದರೆಂಬುದನ್ನೂ ಬರೆದುಕೊಳ್ಳಬೇಕೆಂದು ಅಧ್ಯಾಪಕಿ ಹೇಳಿದ್ದು ಆಗ ಉಪಯೋಗಕ್ಕೆ ಬಂತು.

ಸಮಾಜ ವಿಜ್ಞಾನಕ್ಕೆ ಪ್ರಯೋಗಾಲಯ ಬೇಡ, ಆದ್ದರಿಂದ ಆನ್‌ಲೈನ್‌ಗೆ ಅದು ಹೇಳಿ ಮಾಡಿಸಿದ ವಿಷಯ ಎಂದು ಜಾಹೀರಾತುಗಳು ಹೇಳುತ್ತವೆ. ಆ ಮಾತು ಅರ್ಧ ಸತ್ಯ. ಊರಿನಲ್ಲೇ ಉಳಿದು ಓದುವವನಿಗೆ ಕ್ಷೇತ್ರ ಮನೆಯ ಮುಂದೆಯೇ ಇರುತ್ತದೆ, ಹಾಸ್ಟೆಲಿನಲ್ಲಿರುವವನಿಗಿಂತ ಈ ವಿಷಯದಲ್ಲಿ ಅವನೇ ಭಾಗ್ಯವಂತ. ಕ್ಷೇತ್ರವನ್ನು ನೋಡುವ ಕಣ್ಣು ಕೊಡುವವರು ಪರದೆಯ ಆಚೆ ಇದ್ದರೆ ಮಾತ್ರ ಆ ಭಾಗ್ಯ ಫಲಿಸುತ್ತದೆ. ನನ್ನ ಜೊತೆಯ ವಿದ್ಯಾರ್ಥಿಗಳಲ್ಲಿ ಬೇರೆ ಅಧ್ಯಾಪಕರ ಪಾಲಿಗೆ ಬಿದ್ದವರು ಅದೇ ಪತ್ರಿಕೆಯಲ್ಲಿ ಮನೆಯಲ್ಲೇ ಕುಳಿತು ಉತ್ತರಗಳನ್ನು ತಾವೇ ತುಂಬಿ ಕಳಿಸಿ ನನ್ನಷ್ಟೇ ಅಂಕ ಪಡೆದರು.

ಗ್ರಂಥಾಲಯದ ವಿಷಯ. ಪೋರ್ಟಲ್ಲಿನ ಡಿಜಿಟಲ್ ಲೈಬ್ರರಿ ಹೆಸರಿಗೆ ಮಾತ್ರ ಇತ್ತು. ನಿಜಕ್ಕೂ ಓದಲು ಸಿಕ್ಕದ್ದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಕಡೆಗಳಲ್ಲಿ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇ-ಜ್ಞಾನಕೋಶ ಜಾಲತಾಣದಲ್ಲಿ ಅದರ ಪಾಠದ ಘಟಕಗಳೆಲ್ಲ ಇವೆ, ಅವುಗಳ ಸಮಾಜಶಾಸ್ತ್ರ ಮತ್ತು ರಾಜ್ಯಶಾಸ್ತ್ರದ ಬರವಣಿಗೆ ನಾನು ಹಣ ಕೊಟ್ಟು ಪಡೆದ ಪಿಡಿಎಫ್‌ಗಳಿಗಿಂತ ಎಷ್ಟೋ ಮೇಲು. ಇನ್‌ಫ್ಲಿಬ್‌ನೆಟ್ ಎಂಬ ಯುಜಿಸಿಯ ಕೇಂದ್ರ ನಡೆಸುವ ಶೋಧಗಂಗಾ ಎಂಬ ಸಂಶೋಧನಾ ಪ್ರಬಂಧಗಳ ಸಂಗ್ರಹದಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧಗಳು ಸಿಗುತ್ತವೆ, ಮಲೆನಾಡಿನ ಬಗ್ಗೆ ಬರೆಯಬೇಕೆನ್ನುವವರು ಆ ವಿಶ್ವವಿದ್ಯಾಲಯವಿರುವ ಶಂಕರಘಟ್ಟದವರೆಗೆ ಹೋಗದೆಯೂ ಅವುಗಳನ್ನು ಮನೆಯಲ್ಲೇ ಓದಬಹುದು. ಇವೆರಡರ ಬಗ್ಗೆ ಕೋರ್ಸಿನ ಪ್ರಾರಂಭದಲ್ಲೇ ಒಂದು ಮಾತು ಹೇಳಿದ್ದರೆ ವಿಶ್ವವಿದ್ಯಾಲಯದ ಗಂಟೇನೂ ಹೋಗುತ್ತಿರಲಿಲ್ಲ.

ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು ಎಂಬುದು ಈ ಕೋರ್ಸಿನ ದೊಡ್ಡ ಆಕರ್ಷಣೆ. ನಡೆಯುವುದು ಹೀಗೆ: ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಮೊದಲು ಗುರುತಿನ ಚೀಟಿ ತೋರಿಸಬೇಕು, ಆಮೇಲೆ ಕೋಣೆಯ ನಾಲ್ಕೂ ಗೋಡೆಗಳನ್ನು ತೋರಿಸಬೇಕು, ನಂತರ ಪರೀಕ್ಷೆ ಮುಗಿಯುವವರೆಗೆ ಮುಖ ಕ್ಯಾಮೆರಾದ ಎದುರಿಗಿರಬೇಕು, ಹಿನ್ನೆಲೆಯಲ್ಲಿ ಬೇರೆಯವರ ದನಿ ಕೇಳಿಸಬಾರದು. ಇಂಟರ್ನೆಟ್ ಸ್ವಲ್ಪ ಹೊತ್ತು ಕಡಿದರೆ ಪರೀಕ್ಷೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮಳೆಗಾಲದ ಪರೀಕ್ಷೆಯೊಂದು ನನಗೆ ಹೀಗೇ ಮುಚ್ಚಿಹೋಯಿತು. ಮರುಪರೀಕ್ಷೆಗೆ ಮತ್ತೆ ಶುಲ್ಕ ಕಟ್ಟಿಸಿಕೊಂಡರು. ಕರೆಂಟ್ ಹೋಗಿದ್ದಕ್ಕೆ ಪುರಾವೆಯಾಗಿ ವಿದ್ಯುತ್ ಕಚೇರಿಯಿಂದ ಪತ್ರ ತರಲು ಹೇಳಿದ್ದು, ಆ ಪತ್ರ ಕೇಳಲು ಹೋದಾಗ ಕಚೇರಿಯವರು ನನ್ನನ್ನು ನೋಡಿದ ರೀತಿ, ಇವನ್ನೆಲ್ಲ ಬೆಳೆಸುವುದು ಬೇಡ. ಆಮೇಲಿನ ಪರೀಕ್ಷೆಗಳನ್ನು ಶಿವಮೊಗ್ಗದ ವಿನೋಬನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿ ಬರೆದೆ. ಅಲ್ಲಿ ಯುಪಿಎಸ್ ಇದೆ, ಕೇಬಲ್ ಇಂಟರ್ನೆಟ್ ಇದೆ, ಪರೀಕ್ಷೆ ಮುಗಿಯುವವರೆಗೆ ಕುಕ್ಕರ್ ಇಡದ ಚಿಕ್ಕಮ್ಮ ಇದ್ದಾರೆ. ಪ್ರಶ್ನೆಪತ್ರಿಕೆಯ ಬಗ್ಗೆ ಒಂದೇ ಮಾತು: ಅರ್ಧಕ್ಕೂ ಹೆಚ್ಚು ಮತ್ತೆ ಆ ಬಹು ಆಯ್ಕೆಯ ಹಸಿರು ಗುರುತುಗಳೇ.

ಹಾಗಾದರೆ ಬೇರೆ ದಾರಿಗಳು ಯಾವುವು? ಕನ್ನಡ ಮಾಧ್ಯಮದಲ್ಲೇ ಓದಬೇಕೆನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ ಮೊದಲ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೆರೆದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾದದ್ದು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಶಾಲಾ ಮೇಷ್ಟರುಗಳು ಓದಿ ಮೇಲೆ ಬಂದದ್ದು ಅಲ್ಲಿಂದಲೇ. ನಡುವೆ ಕೆಲವು ವರ್ಷ ಯುಜಿಸಿ ಮಾನ್ಯತೆಯ ತೊಡಕು ಉಂಟಾಗಿ 2018ರಲ್ಲಿ ಅದು ಮರಳಿ ದೊರೆಯಿತು. ಪ್ರಾದೇಶಿಕ ಕೇಂದ್ರ ಶಿವಮೊಗ್ಗದಲ್ಲೇ ಇರುವುದರಿಂದ ಏನಾದರೂ ತೊಂದರೆಯಾದರೆ ಬಸ್ಸು ಹತ್ತಿ ಹೋಗಿ ಒಬ್ಬ ಮನುಷ್ಯನ ಎದುರು ನಿಂತು ಕೇಳಬಹುದು. ಆನ್‌ಲೈನ್ ದೂರಿನ ಟಿಕೆಟ್ ಸಂಖ್ಯೆಗಳ ಜೊತೆ ಮೂರು ವರ್ಷ ಸಂಸಾರ ಮಾಡಿದವನಿಗೆ ಇದು ಸಣ್ಣ ಸೌಲಭ್ಯವಲ್ಲ.

ಇಂಗ್ಲಿಷಿನಲ್ಲಿ ಓದಬಲ್ಲವರು ಇಗ್ನೋವನ್ನು ನೋಡಬಹುದು. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಅಸೈನ್‌ಮೆಂಟಿಗೆ ಶೇ 30, ಅಂತಿಮ ಪರೀಕ್ಷೆಗೆ ಶೇ 70. ಅಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಅಂದರೆ 4 ಕ್ರೆಡಿಟ್ಟಿನ ಒಂದು ಪತ್ರಿಕೆಗೆ 120 ಗಂಟೆ. ಈ ಲೆಕ್ಕವನ್ನು ಯಾವ ಆನ್‌ಲೈನ್ ಕೋರ್ಸು ಸೇರುವವರೂ ಒಮ್ಮೆ ಕುಳಿತು ಮಾಡಬೇಕು. ವಿಡಿಯೊ ನೋಡುವುದು ಅದರಲ್ಲಿ ಒಂದು ಚಿಕ್ಕ ಪಾಲು, ಉಳಿದದ್ದು ಓದು ಮತ್ತು ಬರವಣಿಗೆ. ಕೊಯ್ಲಿನ ಕಾಲಕ್ಕೂ ಡಿಸೆಂಬರ್ ಪರೀಕ್ಷೆಗೂ ತಾಳೆ ಹಾಕುವುದು ತೋಟವಿರುವವರಿಗೆ ಕಷ್ಟವೇ ಸರಿ.

ಪದವಿ ಬೇಡ, ವಿಷಯ ತಿಳಿದರೆ ಸಾಕು ಎನ್ನುವವರಿಗೂ, ಶಿವಮೊಗ್ಗದಲ್ಲೋ ಸಾಗರದಲ್ಲೋ ಈಗಾಗಲೇ ಕಾಲೇಜಿನಲ್ಲಿರುವವರಿಗೂ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ವೇದಿಕೆ ಇದೆ. 2017ರ ಜುಲೈನಲ್ಲಿ ಪ್ರಾರಂಭವಾದ ಅದರಲ್ಲಿ ಪಾಠ ಕೇಳಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. 2021ರ ನಿಯಮದಂತೆ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಈ ವೇದಿಕೆಯ ಮೂಲಕ ಪಡೆಯಲು ಅವಕಾಶ ಕೊಡಬಹುದು. ನಿಮ್ಮ ಕಾಲೇಜು ಕೊಡುತ್ತದೆಯೇ ಎಂದು ಪ್ರಾಂಶುಪಾಲರನ್ನು ಕೇಳಿ ನೋಡಿ. ಹದಿನೆಂಟು ವಯಸ್ಸಿನ, ಮನೆಯಲ್ಲಿ ಅಡ್ಡಿ ಇಲ್ಲದ, ಬಸ್ ಸೌಕರ್ಯವಿರುವ ಮಕ್ಕಳನ್ನು ಆನ್‌ಲೈನ್ ಬಿ.ಎ.ಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ತರಗತಿಯೂ ಬೇಕು, ಕ್ಯಾಂಟೀನೂ ಬೇಕು, ಮನೆಯವರ ಕಣ್ಣಳತೆಯಿಂದ ಸ್ವಲ್ಪ ಆಚೆ ಇರುವ ಮೂರು ವರ್ಷಗಳೂ ಬೇಕು. ಕೆಲಸದಲ್ಲಿರುವವರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು, ತೋಟ ಬಿಟ್ಟು ಹೋಗಲಾಗದವರು, ಓಡಾಟ ಕಷ್ಟವಾದವರು ಧೈರ್ಯವಾಗಿ ಸೇರಬಹುದು.

ಸೇರುವ ಮುನ್ನ ಮಾಡಬೇಕಾದ ಕೆಲಸಗಳು ಕೆಲವಿವೆ. ಯುಜಿಸಿಯ ದೂರಶಿಕ್ಷಣ ಬ್ಯೂರೋ ತನ್ನ ಜಾಲತಾಣದಲ್ಲಿ ಮಾನ್ಯತೆಯ ಪಟ್ಟಿಯನ್ನು ಹಾಕುತ್ತದೆ; ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು, ನೀವು ಸೇರುವ ಅವಧಿಗೆ, ನೀವು ಓದುವ ಪದವಿಗೆ, ಆನ್‌ಲೈನ್ ಮಾದರಿಗೆ ಒಪ್ಪಿಗೆ ಇದೆಯೇ ಎಂದು ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಪ್ರವೇಶಕ್ಕೆ ಈಗ ಡಿಇಬಿ ಐಡಿ (ಅದೇ ಬ್ಯೂರೋದ ಜಾಲತಾಣದಲ್ಲಿ ಮಾಡಿಕೊಳ್ಳುವ ವಿದ್ಯಾರ್ಥಿ ಗುರುತಿನ ಸಂಖ್ಯೆ) ಕಡ್ಡಾಯವಾಗಿದ್ದು, ಅದನ್ನು ನೀವೇ ಮಾಡಿಕೊಳ್ಳಿ, ಏಜೆಂಟರ ಕೈಗೆ ಒಟಿಪಿ ಕೊಡಬೇಡಿ. ಬಿ.ಎಡ್. ಮಾಡುವ ಯೋಚನೆಯಿದ್ದರೆ ಶಾಲೆಯಲ್ಲಿ ಕಲಿಸುವ ವಿಷಯಗಳಿಗೆ ನಿಮ್ಮ ವಿಷಯ ಸಂಯೋಜನೆ ಹೊಂದುತ್ತದೆಯೇ ಎಂಬುದನ್ನು ಬಿ.ಎಡ್. ಕಾಲೇಜಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಕೊನೆಯದಾಗಿ, ಕೌನ್ಸೆಲರ್ ಕರೆ ಮಾಡಿದಾಗ ಡೆಮೊ ವಿಡಿಯೊ ಕೇಳಬೇಡಿ. ಹಿಂದಿನ ಸೆಮಿಸ್ಟರಿನಲ್ಲಿ ತಿದ್ದಿ ಹಿಂದಿರುಗಿಸಿದ ಒಂದು ಅಸೈನ್‌ಮೆಂಟನ್ನು ವಿದ್ಯಾರ್ಥಿಯ ಹೆಸರು ಅಳಿಸಿ ಕಳಿಸಿಕೊಡಿ ಎಂದು ಕೇಳಿ. ನಮ್ಮ ಸಂಘದ ಪಕ್ಕದ ಮನೆಯ ಹುಡುಗಿಯ ಕೈಲಿ ಹೀಗೆ ಮೂರು ಕಡೆ ಕೇಳಿಸಿದೆ. ಎರಡು ಕಡೆಯವರು ಮತ್ತೆ ಕರೆ ಮಾಡಲಿಲ್ಲ. ಮೂರನೆಯವರು ಕಳಿಸಿದರು, ಅವಳು ಅಲ್ಲಿಗೇ ಸೇರಿದ್ದಾಳೆ.